ಗ್ರಾಫಿಕ್ಸ್ ಕಾರ್ಡ್ ಮೊದಲೋ, ಯುಪಿಎಸ್ ಮೊದಲೋ?

ಮನೆಯಲ್ಲೇ ಕುಳಿತು ವಿಡಿಯೊ, ಆಡಿಯೊ ಎಡಿಟಿಂಗ್ ಮಾಡುವವರಿಂದ ಈ ಸಲ ಬಂದ ಪತ್ರಗಳೆಲ್ಲ ಕುಮಟಾ, ಹೊನ್ನಾವರ, ಭಟ್ಕಳ ಕಡೆಯವು. ಯಕ್ಷಗಾನದ ಆಟ, ಅಡುಗೆ, ಪಾಠ, ಹಳೆಯ ಕ್ಯಾಸೆಟ್ ಹೀಗೆ ವಿಷಯ ಬೇರೆ ಬೇರೆ. ಕೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ: ಯಾವ ಕಂಪ್ಯೂಟರ್ ತಗೊಳ್ಳಲಿ? ನನ್ನ ಮಟ್ಟಿಗೆ ಆ ಪ್ರಶ್ನೆ ಕೊನೆಗೆ ಬರಬೇಕಾದ್ದು. ನೀವು ಎಂಥ ಫೈಲ್ ಮನೆಗೆ ತರುತ್ತೀರಿ, ಅದನ್ನು ಎಲ್ಲಿ ಇಡುತ್ತೀರಿ, ಕರೆಂಟು ಹೋದಾಗ ಏನು ಮಾಡುತ್ತೀರಿ ಎಂಬುದು ಮೊದಲು. ಹೆಸರು ಬೇಡವೆಂದು ಕೆಲವರು ಕೇಳಿಕೊಂಡದ್ದರಿಂದ ಎಲ್ಲರದ್ದೂ ಊರನ್ನಷ್ಟೇ ಹಾಕಿದ್ದೇನೆ.

ಕತಗಾಲದಿಂದ: ಡಿಗ್ರಿ ಮುಗಿಸಿ ಮನೆಯಲ್ಲಿ ತೋಟ ನೋಡಿಕೊಂಡಿದ್ದೇನೆ ಸಾರ್. ಮಳೆಗಾಲ ಕಳೆದ ಮೇಲೆ ಸುತ್ತಮುತ್ತ ಆಗುವ ಯಕ್ಷಗಾನಗಳನ್ನು ಒಂದು ಮಿರರ್‌ಲೆಸ್ ಕ್ಯಾಮೆರಾ, ಒಂದು ಮೊಬೈಲ್ ಇಟ್ಟು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತೇನೆ. 8 ಜಿಬಿ ರ್‍ಯಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ 4ಕೆ ಕ್ಲಿಪ್ ಇಟ್ಟರೆ ಚಿತ್ರ ತಡೆದು ತಡೆದು ಓಡುತ್ತದೆ. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಲ್ಲ ಸರಿಯಾಗುತ್ತದೆ ಅಂತಾರೆ. ನನ್ನ ಹತ್ತಿರ ಇರುವುದು ಒಂದು ಲಕ್ಷ.

ಉತ್ತರ: ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಕಾಯಿಲೆಗೆ ಅದು ಮದ್ದಲ್ಲ.

ಚಿತ್ರ ಏಕೆ ತಡೆಯುತ್ತದೆ ನೋಡಿ. ಕ್ಯಾಮೆರಾ ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ನಡುವೆ ಏನು ಬದಲಾಯಿತು ಎಂಬ ಲೆಕ್ಕ, ಅಷ್ಟೇ. ಎಚ್.264, ಎಚ್.265 ಎಂಬ ಎರಡೂ ಕೋಡೆಕ್‌ಗಳು ನಡೆಯುವುದು ಹೀಗೆ. ನೀವು ಟೈಮ್‌ಲೈನಿನಲ್ಲಿ ಎಲ್ಲೋ ಒಂದು ಕಡೆ ಕ್ಲಿಕ್ ಮಾಡಿದರೆ ಆ ಒಂದು ಚಿತ್ರ ತೋರಿಸಲು ಅಕ್ಕಪಕ್ಕದ ಹಲವು ಚಿತ್ರಗಳನ್ನು ಕಂಪ್ಯೂಟರ್ ಲೆಕ್ಕ ಹಾಕಬೇಕು. ಇದಕ್ಕೆಂದೇ ಚಿಪ್ಪಿನ ಮೂಲೆಯಲ್ಲಿ ಬೇರೆ ಭಾಗವೊಂದಿರುತ್ತದೆ. ಆ ಭಾಗಕ್ಕೆ ನಿಮ್ಮ ಕ್ಯಾಮೆರಾದ ಫೈಲ್ ಓದಲು ಬಂದರೆ ಕೆಲಸ ನೀರು ಹರಿದಂತೆ ಸಾಗುತ್ತದೆ. ಬಾರದಿದ್ದರೆ ಎಷ್ಟು ದುಡ್ಡು ಸುರಿದರೂ ತಡೆಯುತ್ತದೆ.

ಮೊಬೈಲಿನ ಮಾಮೂಲಿ ಫೈಲ್ 8-ಬಿಟ್ 4:2:0. ಐದಾರು ವರ್ಷಗಳಿಂದ ಈಚಿನ ಯಾವ ಚಿಪ್ಪಿಗಾದರೂ ಅದು ಸುಲಭ. ತೊಂದರೆ ಕೊಡುವುದು ಮಿರರ್‌ಲೆಸ್ ಕ್ಯಾಮೆರಾಗಳ 10-ಬಿಟ್ 4:2:2. ಎಚ್.265ರಲ್ಲಿರುವ ಇಂಥ ಫೈಲನ್ನು ಇಂಟೆಲ್‌ನ 11ನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳ ಒಳಗಿರುವ ಗ್ರಾಫಿಕ್ಸ್ ಓದುತ್ತದೆ, ಆ್ಯಪಲ್‌ನ ಎಂ1ರಿಂದ ಈಚಿನವೂ ಓದುತ್ತವೆ. ಎನ್‌ವಿಡಿಯಾ ಕಾರ್ಡುಗಳಲ್ಲಿ ಅದು ಬಂದದ್ದು 2025ರಲ್ಲಿ ಬಿಡುಗಡೆಯಾದ 50ರ ಸರಣಿಯಿಂದ. ಅಂದರೆ ಎರಡು ಮೂರು ವರ್ಷ ಹಳೆಯ ಗೇಮಿಂಗ್ ಕಾರ್ಡ್, ಬೆಲೆ ಎಷ್ಟೇ ಇರಲಿ, ನಿಮ್ಮ ಕ್ಲಿಪ್ ಓಡಿಸುವ ವಿಷಯದಲ್ಲಿ ಕೈಕಟ್ಟಿ ಕೂರಬಹುದು. ಕ್ಯಾಮೆರಾದ ಮೆನುವಿಗೆ ಹೋಗಿ ನಿಮ್ಮದು ಯಾವುದು ಎಂದು ಇವತ್ತೇ ನೋಡಿ. 4:2:2 ಇದ್ದರೆ 4:2:0ಗೆ ಇಳಿಸಿ. ರಂಗಸ್ಥಳದ ಆಟಕ್ಕೆ ಅದರಿಂದ ಆಗುವ ನಷ್ಟ ಕಣ್ಣಿಗೆ ಬೀಳುವಂಥದ್ದಲ್ಲ.

ಮೆನು ತೆರೆದಾಗಲೇ ಇನ್ನೊಂದು ಸರಿಮಾಡಿಕೊಳ್ಳಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳ ಕೆಳಗೆ ಸೆಕೆಂಡಿಗೆ 30 ಚಿತ್ರ ತೆಗೆದರೆ ಪಟ್ಟಿಪಟ್ಟಿಯಾಗಿ ಮಿನುಗುತ್ತದೆ. 25 ಇಟ್ಟು, ಶಟರ್ 1/50 ಮಾಡಿ. ಈ ಮಿನುಗನ್ನು ಯಾವ ಕಂಪ್ಯೂಟರೂ ಆಮೇಲೆ ಚೆನ್ನಾಗಿ ತೆಗೆಯಲಾರದು.

ಖರೀದಿಗೆ ಮೊದಲು ಹಳೆಯ ಲ್ಯಾಪ್‌ಟಾಪಿನಲ್ಲೇ ಪ್ರಾಕ್ಸಿ ಮಾಡಿ ನೋಡಿ. ಮೂಲ ಫೈಲಿನ ಸಣ್ಣ ಪ್ರತಿಯೊಂದನ್ನು, 720 ಅಥವಾ 1080ರದ್ದು, ತಂತ್ರಾಂಶವೇ ತಯಾರಿಸಿಕೊಡುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ಆ ಪ್ರತಿಯ ಮೇಲೆ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲ್ ತಾನಾಗಿ ಬಂದು ಕೂರುತ್ತದೆ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್, ಪ್ರೀಮಿಯರ್ ಮೂರರಲ್ಲೂ ಈ ಸೌಲಭ್ಯ ಇದೆ. ರಾತ್ರಿ ಪ್ರಾಕ್ಸಿಗೆ ಹಚ್ಚಿ ಮಲಗಿದರೆ ಬೆಳಿಗ್ಗೆ ಕೆಲಸಕ್ಕೆ ಸಿದ್ಧ. ಇಷ್ಟರಲ್ಲೇ ನಿಮ್ಮ ಕೆಲಸ ಆಗುವುದಾದರೆ ಈ ವರ್ಷ ಕಂಪ್ಯೂಟರನ್ನೇ ಕೊಳ್ಳಬೇಡಿ, ಮೈಕ್ ಮತ್ತು ಡಿಸ್ಕ್ ಕೊಳ್ಳಿ.

ಕೊಳ್ಳಲೇಬೇಕೆಂದರೆ ಲ್ಯಾಪ್‌ಟಾಪ್ ಬೇಡ, ಡೆಸ್ಕ್‌ಟಾಪ್ ತಗೊಳ್ಳಿ. ಎಡಿಟಿಂಗ್ ಮನೆಯಲ್ಲೇ ತಾನೆ? ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ತೆಳು ಲ್ಯಾಪ್‌ಟಾಪ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಂಟೆಲ್ ಐ5 ಸಾಕು, ಆದರೆ ಹೆಸರಿನ ತುದಿಯಲ್ಲಿ ‘ಎಫ್’ ಅಕ್ಷರ ಇಲ್ಲದ್ದನ್ನು ಆರಿಸಿ. ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಮೇಲೆ ಹೇಳಿದ ವಿಡಿಯೊ ಓದುವ ಭಾಗವೂ ಇಲ್ಲ. ಸಾವಿರ ಎರಡು ಸಾವಿರ ಉಳಿಸಲು ಅಂಗಡಿಯವರು ಹಾಕಿಬಿಡುವುದು ಅದನ್ನೇ. ರ್‍ಯಾಮ್ 32 ಜಿಬಿ ಇದ್ದರೆ ಒಳ್ಳೆಯದು. 2025ರ ಕೊನೆಯಿಂದ ರ್‍ಯಾಮ್ ದರ ವಿಪರೀತ ಏರಿದೆ. ಕೈಗೆ ಎಟುಕದಿದ್ದರೆ 16ರ ಒಂದೇ ತುಂಡು ಹಾಕಿಸಿ, ಪಕ್ಕದ ಸ್ಲಾಟ್ ಖಾಲಿ ಬಿಡಿ. ವೇಗ ಸ್ವಲ್ಪ ಕಡಿಮೆಯಾದರೂ ಮುಂದೆ ದಾರಿ ತೆರೆದಿರುತ್ತದೆ. ಪವರ್ ಸಪ್ಲೈ ಮಾತ್ರ ಹೆಸರಿರುವ ಕಂಪನಿಯದ್ದು, 550 ವ್ಯಾಟಿನದ್ದು ಹಾಕಿಸಿ. ಡಾವಿಂಚಿಯಲ್ಲಿ ಬಣ್ಣದ ಕೆಲಸ ಹೆಚ್ಚಾದ ದಿನ ಗ್ರಾಫಿಕ್ಸ್ ಕಾರ್ಡ್ ಸೇರಿಸಬಹುದು. ಆಗ ಅದು ನಿಜಕ್ಕೂ ಬೇಕಾಗುತ್ತದೆ.

ಇನ್ನು ಡಿಸ್ಕಿನ ಲೆಕ್ಕ. ಇದನ್ನು ಯಾರೂ ಮೊದಲು ಮಾಡುವುದಿಲ್ಲ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 45 ಜಿಬಿ ಆಯಿತು. ಮೂರೂವರೆ ತಾಸಿನ ಕಾಲಮಿತಿ ಆಟಕ್ಕೆ ಸುಮಾರು 160, ಬೆಳಗಿನವರೆಗಿನ ಎಂಟು ತಾಸಿನ ಆಟಕ್ಕೆ 360 ಜಿಬಿ. ಅದೂ ಒಂದೇ ಕ್ಯಾಮೆರಾದ್ದು. ಒಂದು ಸೀಸನ್ನಿನಲ್ಲಿ ಹತ್ತು ಆಟ ಮಾಡಿದರೂ 2 ಟಿಬಿ ಮುಗಿಯಿತು. ಹಾಗಾಗಿ ಕೈಮೇಲಿನ ಕೆಲಸಕ್ಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದದ್ದನ್ನು ಇಡಲು 4 ಟಿಬಿಯ ಎರಡು ಹಾರ್ಡ್ ಡಿಸ್ಕ್. ಎರಡರಲ್ಲೂ ಒಂದೇ ಸರಕು, ಇಡುವುದು ಬೇರೆ ಬೇರೆ ಮನೆಯಲ್ಲಿ. ಸೆಕೆಂಡಿಗೆ ಏಳು ಸಾವಿರ ಎಂಬಿಯ ಎಸ್‌ಎಸ್‌ಡಿ ಬೇಕು ಅಂದರೆ ನಂಬಬೇಡಿ. 100 ಮೆಗಾಬಿಟ್ ಅಂದರೆ 12.5 ಎಂಬಿ. ಮಾಮೂಲಿ ಹಾರ್ಡ್ ಡಿಸ್ಕೂ ಸೆಕೆಂಡಿಗೆ ನೂರೈವತ್ತು ಎಂಬಿ ಓದುತ್ತದೆ.

ನಿಮ್ಮ ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ಕಂಪ್ಯೂಟರ್ ಪೆಟ್ಟಿಗೆಗೆ ಐವತ್ತೈದರ ಆಸುಪಾಸು, ಉಳಿದದ್ದರಲ್ಲಿ ಐಪಿಎಸ್ ಮಾನಿಟರ್, ಹಾರ್ಡ್ ಡಿಸ್ಕ್, ಯುಪಿಎಸ್, ಹೆಡ್‌ಫೋನ್. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗ, ನಿಜ. ಆದರೆ ಮದರ್‌ಬೋರ್ಡ್ ಕೆಟ್ಟಾಗ ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವವರು ನೀವೇ. ಪೆಟ್ಟಿಗೆಯನ್ನು ಕುಮಟಾದಲ್ಲೇ ಕಟ್ಟಿಸಿ, ಪ್ರತಿ ಭಾಗಕ್ಕೂ ಬೇರೆ ಬೇರೆ ನಮೂದಿಸಿದ ಬಿಲ್ ಕೇಳಿ ಪಡೆಯಿರಿ.

ನೀವು ಕೇಳದ ಒಂದು ಮಾತು. ಮೇಳದ ಯಜಮಾನರ ಮತ್ತು ಆಟ ಆಡಿಸುವವರ ಒಪ್ಪಿಗೆ ಪಡೆದೇ ವಿಡಿಯೊ ಹಾಕಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ಅವರ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ.

ಹೊನ್ನಾವರದಿಂದ: ನಮ್ಮದೂ ಯಕ್ಷಗಾನದ್ದೇ ಗೋಳು. ಚಂಡೆ ಬಿತ್ತೆಂದರೆ ರೆಕಾರ್ಡಿಂಗ್ ಒಡೆದು ಹೋಗುತ್ತದೆ, ಭಾಗವತರ ದನಿ ಒಳಗೆಲ್ಲೋ ಕೇಳುತ್ತದೆ. ಆಟದ ಅರ್ಧ ದಾಟುವಾಗ ತುಟಿಗೂ ಮಾತಿಗೂ ಹೊಂದುವುದಿಲ್ಲ. 32-ಬಿಟ್ ಫ್ಲೋಟ್ ರೆಕಾರ್ಡರ್ ತಂದರೆ ಇದೆಲ್ಲ ಹೋಗುತ್ತದಂತೆ, ಹೌದೇ?

ಉತ್ತರ: ಮೂರು ಬೇರೆ ಬೇರೆ ತೊಂದರೆಗಳು ಇವು. ಆ ರೆಕಾರ್ಡರಿನಿಂದ ಹೋಗುವುದು ಒಂದರ ಅರ್ಧ ಮಾತ್ರ.

ಚಂಡೆ ಮೈಕಿಲ್ಲದ ಕಾಲದಿಂದ ಬಯಲಿನಲ್ಲಿ ಬಾರಿಸಿಕೊಂಡು ಬಂದ ವಾದ್ಯ. ಅದರ ಪೆಟ್ಟು ಸೆಕೆಂಡಿನ ಸಾವಿರದ ಕೆಲವೇ ಭಾಗದಲ್ಲಿ ತುದಿಗೆ ಏರುತ್ತದೆ. ಮೊಬೈಲಿನ ತಾನೇ ತಾನಾಗಿ ಏರಿಳಿಯುವ ಗೇನ್‌ಗೆ ಅಷ್ಟು ಬೇಗ ಸ್ಪಂದಿಸಲು ಆಗುವುದಿಲ್ಲ. ಚಂಡೆ ಒಡೆಯುತ್ತದೆ, ಹಿಂದೆಯೇ ಗೇನ್ ಕೆಳಗಿಳಿದು ಭಾಗವತರನ್ನೂ ತಗ್ಗಿಸುತ್ತದೆ. ಮೊದಲು ಆಟೊ ಗೇನ್ ಆರಿಸಿ. ಪೂರ್ವರಂಗ ನಡೆಯುವಾಗಲೇ ಚಂಡೆಯ ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ಮಟ್ಟ ಇಡಿ. 24-ಬಿಟ್‌ನಲ್ಲಿ ಹೀಗೆ ತಗ್ಗಿಸಿ ಹಿಡಿದದ್ದನ್ನು ಮನೆಯಲ್ಲಿ ಏರಿಸಿದರೆ ಗುಣ ಕೆಡುವುದಿಲ್ಲ. 32-ಬಿಟ್ ಫ್ಲೋಟ್ ಇದ್ದರೆ ಮಟ್ಟ ತಪ್ಪಿದರೂ ಫೈಲ್ ಉಳಿಯುತ್ತದೆ, ನಿಜ. ಆದರೆ ಮೈಕಿನ ಒಳಗೇ ಒಡೆದ ದನಿಯನ್ನು, ಧ್ವನಿವರ್ಧಕದವರ ಮಿಕ್ಸರಿನಲ್ಲೇ ಒಡೆದ ದನಿಯನ್ನು ಅದು ಹೇಗೆ ಸರಿಮಾಡೀತು?

ಭಾಗವತರ ದನಿಗೆ ದಾರಿ ಮಿಕ್ಸರಿನದ್ದೇ. ಮೈಕ್ ಸೆಟ್ಟಿನವರ ಜತೆ ಮೊದಲೇ ಮಾತಾಡಿ ಒಂದು ಔಟ್‌ಪುಟ್ ತಗೊಳ್ಳಿ. ಅದು ಲೈನ್ ಮಟ್ಟದ್ದು. ರೆಕಾರ್ಡರಿನ ಲೈನ್ ಇನ್‌ಗೇ ಕೊಡಿ, ಮೈಕ್ ಇನ್‌ಗೆ ಕೊಟ್ಟರೆ ಮತ್ತೆ ಒಡೆಯುತ್ತದೆ. ಜನರೇಟರ್ ಇರುವ ಕಡೆ ಗುಂಯ್ ಎನ್ನುವ ದನಿ ಸೇರಿಕೊಳ್ಳುವುದುಂಟು, ನಡುವೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಹೋಗುತ್ತದೆ. ಮಿಕ್ಸರಿನಿಂದ ಬಂದದ್ದು ಸ್ವಚ್ಛವಾಗಿರುತ್ತದೆ, ಆದರೆ ಆಟದ ಜೀವ ಅದರಲ್ಲಿರುವುದಿಲ್ಲ. ಹಾಗಾಗಿ ಪ್ರೇಕ್ಷಕರ ನಡುವೆ ಇನ್ನೊಂದು ಸ್ಟೀರಿಯೊ ರೆಕಾರ್ಡರ್ ಇಟ್ಟು ಎರಡನ್ನೂ ಬೆರೆಸಿ. ಬೆರೆಸುವಾಗ ಒಂದು ಲೆಕ್ಕ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರೆಕಾರ್ಡರ್ 15 ಮೀಟರ್ ದೂರವಿದ್ದರೆ ಅದರ ದನಿ 44 ಮಿಲಿಸೆಕೆಂಡ್ ತಡ, ಅಂದರೆ ಒಂದು ಫ್ರೇಮಿಗಿಂತ ಹೆಚ್ಚು. ಆ ಟ್ರ್ಯಾಕನ್ನು ಟೈಮ್‌ಲೈನಿನಲ್ಲಿ ಅಷ್ಟು ಎಡಕ್ಕೆ ಎಳೆದು ಕೂರಿಸದಿದ್ದರೆ ಪದ್ಯ ಡಬ್ಬಿಯೊಳಗಿಂದ ಹಾಡಿದಂತೆ ಕೇಳುತ್ತದೆ.

ತುಟಿ, ಮಾತು ತಪ್ಪುವುದಕ್ಕೆ ಎರಡು ಕಾರಣ. ಮೊಬೈಲ್ ಕ್ಯಾಮೆರಾ ಸೆಕೆಂಡಿಗೆ ಇಷ್ಟೇ ಚಿತ್ರ ಎಂದು ಹಿಡಿದು ನಡೆಯುವುದಿಲ್ಲ, ಏರಿಸುತ್ತದೆ, ಇಳಿಸುತ್ತದೆ. ಆ ಫೈಲನ್ನು ಎಡಿಟಿಂಗಿಗೆ ಮೊದಲು ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರಿನಲ್ಲಿ ಸ್ಥಿರ ಫ್ರೇಮ್ ರೇಟಿಗೆ ಬದಲಿಸಿ, ಎರಡೂ ಉಚಿತ. ಎರಡನೆಯದು, ಕ್ಯಾಮೆರಾದ ಗಡಿಯಾರ ಬೇರೆ, ರೆಕಾರ್ಡರಿನ ಗಡಿಯಾರ ಬೇರೆ. ಹತ್ತು ಲಕ್ಷಕ್ಕೆ ಇಪ್ಪತ್ತು ಭಾಗದಷ್ಟೇ ವ್ಯತ್ಯಾಸವಿದ್ದರೂ ಮೂರು ತಾಸಿಗೆ 0.2 ಸೆಕೆಂಡ್, ಐದು ಫ್ರೇಮ್ ತಪ್ಪುತ್ತದೆ. ದುಬಾರಿ ಟೈಮ್‌ಕೋಡ್ ಪೆಟ್ಟಿಗೆ ಬೇಡ. ಪ್ರತಿ ಪ್ರವೇಶದ ಹೊತ್ತಿಗೆ ಆಡಿಯೊವನ್ನು ಕತ್ತರಿಸಿ ಚಂಡೆಯ ಒಂದು ಪೆಟ್ಟಿಗೆ ಮತ್ತೆ ಹೊಂದಿಸಿ.

ಕೊನೆಯ ಮಟ್ಟದ ಬಗ್ಗೆಯೂ ಇರಲಿ: ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ದುದನ್ನು ತಾನೇ ತಗ್ಗಿಸುತ್ತದೆ. ಕಿವಿ ಒಡೆಯುವಂತೆ ಮಾಡಿ ಹಾಕಿದರೆ ಲಾಭವೇನೂ ಇಲ್ಲ.

ಕತಗಾಲದಿಂದಲೇ, ಅಡುಗೆ ವಿಡಿಯೊ ಮಾಡುವ ಗೃಹಿಣಿ: ಜೂನ್ ಬಂತೆಂದರೆ ಕೆಲಸ ನಿಂತ ಹಾಗೇ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹೋದ ಮಳೆಗಾಲದಲ್ಲಿ ಸಿಡಿಲಿಗೆ ಮೋಡೆಮ್ ಸುಟ್ಟಿತು, ಲೆನ್ಸಿನೊಳಗೆ ಬೂಷ್ಟು ಬಂತು. ಮನೆಯಲ್ಲಿ ಇನ್ವರ್ಟರ್ ಇದೆ. ಬೇರೆ ಯುಪಿಎಸ್ ಬೇಕೇ?

ಉತ್ತರ: ಅಕ್ಕಾ, ಬೇಕು. ಇನ್ವರ್ಟರ್ ಇದ್ದರೂ ಬೇಕು.

ಇನ್ವರ್ಟರ್ ದೀಪ, ಫ್ಯಾನಿಗೆ ಮಾಡಿದ್ದು. ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಎಕ್ಸ್‌ಪೋರ್ಟ್ ನಡೆಯುತ್ತಿದ್ದರೆ ಮೊದಲಿನಿಂದ ಶುರು. ಡಿಸ್ಕಿಗೆ ಬರೆಯುತ್ತಿದ್ದರೆ ಫೈಲೇ ಹಾಳು. ನಿಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಈಗಿನ ಪವರ್ ಸಪ್ಲೈಗಳಿಗೆ ಆ ವಿದ್ಯುತ್ತು ಒಗ್ಗುವುದಿಲ್ಲ. ಸೈನ್ ವೇವ್ ಎಂದು ಬರೆದಿದ್ದರೆ ಚಿಂತೆಯಿಲ್ಲ. ಕಂಪ್ಯೂಟರಿಗೊಂದು ಲೈನ್ ಇಂಟರಾಕ್ಟಿವ್ ಯುಪಿಎಸ್ ಹಾಕಿ, ಅದು ವೋಲ್ಟೇಜಿನ ಏರಿಳಿತವನ್ನೂ ಒಂದಿಷ್ಟು ಸರಿಪಡಿಸುತ್ತದೆ. ಗ್ರಾಫಿಕ್ಸ್ ಕಾರ್ಡಿಲ್ಲದ ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಹತ್ತು ಹದಿನೈದು ನಿಮಿಷ ಕೊಟ್ಟೀತು. ಅಷ್ಟರಲ್ಲಿ ಸೇವ್ ಮಾಡಿ ಮುಚ್ಚಬೇಕು, ಎಡಿಟಿಂಗ್ ಮುಂದುವರಿಸಲು ಅದು ಇರುವುದಲ್ಲ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ ಎಂಬುದನ್ನು ನೆನಪಿಡಿ. ಚಂಡಿಕಾ ಹೊಳೆ ಉಕ್ಕಿ ಕುಮಟಾ ರಸ್ತೆ ಬಂದಾದ ದಿನ ಹೊಸ ಬ್ಯಾಟರಿ ತರಲು ಆಗುವುದಿಲ್ಲ. ಮೇ ತಿಂಗಳಲ್ಲೇ ಪ್ಲಗ್ ಕಿತ್ತು ಪರೀಕ್ಷಿಸಿ. ನಿಮ್ಮ ಕೆಲಸ ಚಿಕ್ಕ ಚಿಕ್ಕ ವಿಡಿಯೊಗಳದ್ದು, ಆದ್ದರಿಂದ ಒಂದು ಒಳ್ಳೆಯ ಲ್ಯಾಪ್‌ಟಾಪೇ ನಿಮಗೆ ಹೆಚ್ಚು ಅನುಕೂಲವಾದೀತು. ಅದಕ್ಕೆ ಬ್ಯಾಟರಿ ಒಳಗೇ ಇದೆ.

ಸಿಡಿಲಿಗೆ ಯುಪಿಎಸ್ ತಡೆಯಲ್ಲ, ಸ್ಪೈಕ್ ಬಸ್ಟರೂ ಅಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಮೋಡೆಮಿನಿಂದ ಕಂಪ್ಯೂಟರಿಗೆ ಬರುವ ತಾಮ್ರದ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ, ಆದರೆ ಆ ಮೋಡೆಮಿನ ಅಡಾಪ್ಟರ್ ಗೋಡೆಗೇ ಚುಚ್ಚಿರುತ್ತದಲ್ಲ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ.

ಬೂಷ್ಟಿಗೆ: ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜತೆಗೆ ಚಿಕ್ಕ ತೇವಮಾಪಕ. ತೇವ 40ರಿಂದ 50 ಶೇಕಡಾ ನಡುವೆ ಇರಲಿ. ಅಕ್ಕಿ ಡಬ್ಬದಲ್ಲಿ ಹೂತಿಡುವವರಿದ್ದಾರೆ, ಹಾಗೆ ಮಾಡಬೇಡಿ. ಅಕ್ಕಿಯ ಹುಡಿ ಲೆನ್ಸಿಗೆ ಸೇರುತ್ತದೆ. ಕಂಪ್ಯೂಟರನ್ನು ಮಳೆಗಾಲದಲ್ಲಿ ಬಟ್ಟೆ ಮುಚ್ಚಿ ಇಡುವುದಕ್ಕಿಂತ ದಿನಾ ಒಂದು ತಾಸು ಓಡಿಸುವುದು ಒಳ್ಳೆಯದು, ಆ ಬಿಸಿಗೆ ತೇವ ಆರುತ್ತದೆ. ನೆಲದಿಂದ ಮೇಲಿಡಿ, ಇರುವೆ ಹಲ್ಲಿಗಳಿಗೂ ಪವರ್ ಸಪ್ಲೈಯ ಬೆಚ್ಚಗಿನ ಜಾಗ ಇಷ್ಟ.

ಭಟ್ಕಳದಿಂದ: ಅಪ್ಪ ಗಲ್ಫಿನಲ್ಲಿದ್ದಾಗ ಕಾಗದದ ಬದಲು ಮಾತಾಡಿ ಕಳಿಸುತ್ತಿದ್ದ ಸುಮಾರು ನಲವತ್ತು ಕ್ಯಾಸೆಟ್‌ಗಳಿವೆ. ಕಂಪ್ಯೂಟರಿಗೆ ಇಳಿಸಬೇಕು. ಎಷ್ಟು ದೊಡ್ಡ ಯಂತ್ರ ಬೇಕು?

ಉತ್ತರ: ಮನೆಯಲ್ಲಿ ಯಾವ ಹಳೆಯ ಕಂಪ್ಯೂಟರ್ ಇದೆಯೋ ಅದೇ ಸಾಕು. ಒಂದು ತಾಸಿನ ಸ್ಟೀರಿಯೊ ಧ್ವನಿ 24-ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಒಂದು ಜಿಬಿಯಷ್ಟೇ ಆಗುತ್ತದೆ. ನಲವತ್ತೂ ಸೇರಿ ಒಂದು ಪೆನ್ ಡ್ರೈವಿನಲ್ಲಿ ಹಿಡಿಯುತ್ತವೆ. ದುಡ್ಡು ಹಾಕಬೇಕಾದ್ದು ಒಳ್ಳೆಯ ಡೆಕ್ಕಿಗೆ. ಯುಎಸ್‌ಬಿ ಸಿಕ್ಕಿಸುವ ಅಗ್ಗದ ಕ್ಯಾಸೆಟ್ ಪ್ಲೇಯರ್ ಬೇಡ. ಹಳೆಯ ಗಟ್ಟಿ ಡೆಕ್ ಒಂದನ್ನು ಹುಡುಕಿ ರಿಪೇರಿಯವರಿಂದ ಬೆಲ್ಟ್ ಬದಲಿಸಿಕೊಳ್ಳಿ. ಅದರ ಲೈನ್ ಔಟ್‌ನಿಂದ ಎರಡು ಚಾನೆಲ್‌ನ ಚಿಕ್ಕ ಆಡಿಯೊ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿಗೆ. ರೆಕಾರ್ಡ್ ಮಾಡಲು ಉಚಿತ ತಂತ್ರಾಂಶ ಆಡಾಸಿಟಿ ಧಾರಾಳ.

ಯಾವುದನ್ನೂ ಹಾಕುವ ಮೊದಲು ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಮೇಲೆ ರೆಕಾರ್ಡ್ ಗುಂಡಿ ಒತ್ತಿದರೂ ಅಪ್ಪನ ದನಿ ಅಳಿಯುವುದಿಲ್ಲ. ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿ, ಅಂಟಿಕೊಂಡಿದ್ದರೆ ಬಿಡುತ್ತದೆ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಆಗಾಗ ಒರೆಸಿ. ದನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಅಜಿಮತ್ ಸ್ಕ್ರೂವನ್ನು ತುಸುವೇ ತಿರುಗಿಸಿ. ತಟ್ಟನೆ ತಿಳಿಯಾಗುವ ಒಂದು ಜಾಗ ಸಿಗುತ್ತದೆ, ಪ್ರತಿ ಕ್ಯಾಸೆಟ್ಟಿಗೂ ಅದು ಬೇರೆ. ಬಿಳಿ ಬೂಷ್ಟು ಕಂಡದ್ದನ್ನು ಉಳಿದವುಗಳಿಂದ ಬೇರೆ ಇಡಿ, ಡೆಕ್ಕಿಗೆ ಹಾಕಬೇಡಿ. ತುಂಡಾದ ಟೇಪಿಗೆ ಸೆಲ್ಲೊಟೇಪ್ ಹಚ್ಚಬೇಡಿ. ಅದರ ಅಂಟು ಇಳಿದು ಮುಂದಿನ ಸುತ್ತನ್ನೂ ಹಿಡಿಯುತ್ತದೆ. ಟೇಪ್ ಜೋಡಿಸಲೆಂದೇ ಬೇರೆ ಟೇಪ್ ಸಿಗುತ್ತದೆ.

ಮೂಲ ಫೈಲನ್ನು ಫ್ಲ್ಯಾಕ್ ಆಗಿ ಉಳಿಸಿ, ಗದ್ದಲ ತೆಗೆಯುವ ಕಸರತ್ತು ಏನಿದ್ದರೂ ಪ್ರತಿಯ ಮೇಲೆ ಮಾಡಿ. ಹಿನ್ನೆಲೆಯ ಫ್ಯಾನಿನ ಸದ್ದು, ಬೀದಿಯ ಸದ್ದು ಇರಲಿ ಬಿಡಿ. ಅದು ಅಪ್ಪ ಇದ್ದ ಕೋಣೆಯ ಸದ್ದು.

ಹಳೆಯ ಕ್ಯಾಸೆಟ್ ಇಳಿಸಿಡುವ ಈ ಮಾತು ಹೊನ್ನಾವರ, ಕುಮಟಾದ ಮನೆಗಳಿಗೂ ಸಲ್ಲುತ್ತದೆ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಆಮೇಲೆ ಹುಟ್ಟಿದವರು ಅವರ ಭಾಗವತಿಕೆ ಕೇಳಿದ್ದೇ ರೆಕಾರ್ಡಿಂಗುಗಳಲ್ಲಿ. ಅಟ್ಟದ ಮೇಲಿನ ಡಬ್ಬದಲ್ಲಿ ಯಾರ ಆಟ, ಯಾರ ಕೂಟ ಇದೆಯೋ ಒಮ್ಮೆ ಇಳಿಸಿ ನೋಡಿ.

ಮಿರ್ಜಾನದಿಂದ, ಶಾಲಾ ಶಿಕ್ಷಕಿ: ಹಂಚಿನ ಮನೆಯಲ್ಲಿ ಮಕ್ಕಳಿಗೆ ಆಡಿಯೊ ಪಾಠ ರೆಕಾರ್ಡ್ ಮಾಡುತ್ತೇನೆ. ಸ್ಪೀಕರ್ ತಗೊಳ್ಳಲೋ, ಹೆಡ್‌ಫೋನೋ?

ಉತ್ತರ: ಹೆಡ್‌ಫೋನ್, ಕಿವಿ ಪೂರ್ತಿ ಮುಚ್ಚುವಂಥದ್ದು, ತಂತಿಯದ್ದು. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುವುದರಿಂದ ಎಡಿಟಿಂಗಿಗೆ ಆಗದು. ಸರಿಯಾದ ಕೋಣೆಯಿಲ್ಲದೆ ಸ್ಪೀಕರಿಗೆ ದುಡ್ಡು ಹಾಕುವುದು ದಂಡ. ಮೈಕ್ ಡೈನಾಮಿಕ್ ಇರಲಿ, ಬಾಯಿಂದ ನಾಲ್ಕು ಬೆರಳು ದೂರದಲ್ಲಿ. ಕಂಡೆನ್ಸರ್ ಮೈಕ್ ತಂದರೆ ಹಂಚಿನ ಮೇಲಿನ ಪ್ರತಿ ಹನಿಯನ್ನೂ ಹಿಡಿಯುತ್ತದೆ. ಧೋ ಎಂದು ಸುರಿಯುವಾಗ ಯಾವ ಮೈಕೂ ನಡೆಯದು, ಮಳೆ ಹೊಳವಾದಾಗಲೇ ಓದಬೇಕು.

ಕುಮಟಾದಿಂದ: ಕ್ರ್ಯಾಕ್ ಮಾಡಿದ ಪ್ರೀಮಿಯರ್ ಬಳಸುತ್ತಿದ್ದೇನೆ. ಟೈಟಲ್ಲಿನಲ್ಲಿ ‘ಯಕ್ಷಗಾನ’ ಎಂದು ಬರೆದರೆ ಒತ್ತಕ್ಷರ ಬೇರೆ, ಅಕ್ಷರ ಬೇರೆ ಆಗುತ್ತದೆ. ಉಚಿತವಾದದ್ದು ಯಾವುದಿದೆ?

ಉತ್ತರ: ಕ್ರ್ಯಾಕ್ ಬಿಡಿ. ಅದರ ಜತೆ ಬರುವ ವೈರಸ್ ಒಂದು ದಿನ ನಿಮ್ಮ ಗಿರಾಕಿಯ ಮದುವೆ ವಿಡಿಯೊವನ್ನೇ ಬೀಗ ಹಾಕಿ ಕೂರಿಸುತ್ತದೆ. ವಿಂಡೋಸ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಹಳೆಯ ಯಂತ್ರವಾದರೆ ಕೆಡೆನ್‌ಲೈವ್. ಲಿನಕ್ಸ್‌ನಲ್ಲಿ ಡಾವಿಂಚಿ ಉಚಿತ ಆವೃತ್ತಿ ಮೊಬೈಲಿನ ಎಚ್.264 ಫೈಲುಗಳನ್ನು ತೆರೆಯುವುದಿಲ್ಲ, ಅಲ್ಲಿ ಕೆಡೆನ್‌ಲೈವೇ ಸರಿ.

ಒತ್ತಕ್ಷರದ ವಿಷಯ: ಯೂನಿಕೋಡ್ ಫಾಂಟ್ ಬಳಸಿ. ಪ್ರೀಮಿಯರಿನಲ್ಲಾದರೆ ಗ್ರಾಫಿಕ್ಸ್ ಆಯ್ಕೆಗಳಲ್ಲಿ ಟೆಕ್ಸ್ಟ್ ಎಂಜಿನನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸಬೇಕು. ಕೆಡೆನ್‌ಲೈವ್ ಕನ್ನಡವನ್ನು ತಾನಾಗಿ ಸರಿಯಾಗಿ ಬರೆಯುತ್ತದೆ. ಯಾವುದರಲ್ಲೂ ಆಗದಿದ್ದರೆ ಇಂಕ್‌ಸ್ಕೇಪಿನಲ್ಲಿ ಹೆಸರು ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರ ಮಾಡಿ ವಿಡಿಯೊದ ಮೇಲೆ ಇಟ್ಟುಬಿಡಿ.

ಮುಂದಿನ ಸಲ ಬರೆಯುವವರಲ್ಲಿ ಒಂದು ವಿನಂತಿ. ‘ಒಳ್ಳೆಯ ಕಂಪ್ಯೂಟರ್ ಹೇಳಿ’ ಎಂದಷ್ಟೇ ಬರೆದರೆ ಉತ್ತರಿಸುವುದು ಕಷ್ಟ. ಕ್ಯಾಮೆರಾ ಯಾವುದು, ಯಾವ ಸೆಟ್ಟಿಂಗಿನಲ್ಲಿ ತೆಗೆಯುತ್ತೀರಿ, ಒಂದು ಕೆಲಸ ಎಷ್ಟು ತಾಸಿನದ್ದು, ಈಗಿರುವ ಯಂತ್ರದಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕೈಯಲ್ಲಿ ಎಷ್ಟು ದುಡ್ಡಿದೆ, ಇಷ್ಟನ್ನು ಬರೆದು ಕಳಿಸಿ.